ಹಾವಿನ ವಿಷಕ್ಕೆ ಹಾವೇ ಮದ್ದು



ಮಳೆಗಾಲದ ಒಂದು ಸಂಜೆ. ನಿಮ್ಮ ಕಟ್ಟಡದ ಪಾರ್ಕಿಂಗ್‌ನಲ್ಲಿ ಗಲಾಟೆ. ಯಾರದೋ ಸ್ಕೂಟರಿನ ಕೆಳಗೆ ಹಾವು ಹೊಕ್ಕಿದೆ. ಮುಂಬಯಿಯಲ್ಲಾದರೆ 'ಸಾಪ್, ಸಾಪ್' ಎಂದು ಕೂಗು, ಚೆನ್ನೈಯಲ್ಲಿ 'ಪಾಂಬು', ಹೈದರಾಬಾದಿನಲ್ಲಿ 'ಪಾಮು', ದೆಹಲಿಯಲ್ಲಿ 'ಸಾಂಪ್'. ಭಾಷೆ ಬೇರೆಯಾದರೂ ಮುಂದಿನ ದೃಶ್ಯ ಮಾತ್ರ ಎಲ್ಲ ಕಡೆಯೂ ಒಂದೇ. ಕಾವಲುಗಾರ ದೊಣ್ಣೆ ಹಿಡಿದು ಓಡಿ ಬರುತ್ತಾನೆ, ಐದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ಬಲ್ಲವರೊಬ್ಬರು ಬಂದು ನೋಡಿ, 'ಅಯ್ಯೋ, ಇದು ಕೇರೆ ಹಾವು, ವಿಷವೇ ಇಲ್ಲ, ಇಲಿ ಹಿಡಿಯಲು ಬಂದಿತ್ತು' ಎನ್ನುತ್ತಾರೆ.

ಕಲ್ಲಿನ ನಾಗನಿಗೆ ಹಾಲು, ಜೀವಂತ ನಾಗನಿಗೆ ದೊಣ್ಣೆ. ನಮ್ಮ ಈ ಇಬ್ಬಗೆಯನ್ನು ಬಸವಣ್ಣನವರು 12ನೇ ಶತಮಾನದಲ್ಲೇ ವಚನದಲ್ಲಿ ಹಿಡಿದಿಟ್ಟಿದ್ದಾರೆ. ಆದರೆ ಹಾಲು, ದೊಣ್ಣೆಗಳ ಜೊತೆಗೆ ಇನ್ನೊಂದು ದಾರಿಯೂ ಇದೆ. ಅದನ್ನು ಕಂಡುಕೊಳ್ಳಲು ನಮಗೆ ಇನ್ನೂರು ವರ್ಷ ಹಿಡಿಯಿತು. ಆ ಕಥೆಯ ಒಂದೊಂದು ಅಧ್ಯಾಯ ನೀವು ಈಗ ಬದುಕುತ್ತಿರುವ ನಗರಗಳಲ್ಲೇ ನಡೆದಿದೆ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಅದಕ್ಕೂ ಮೊದಲು ನಮ್ಮೂರಿನ ಒಂದು ರಾತ್ರಿಯ ಮಾತು.

ಹುಳ ಮುಟ್ಟಿದ ರಾತ್ರಿ

ನಮ್ಮ ಅಜ್ಜಿ ಕತ್ತಲಾದ ಮೇಲೆ 'ಹಾವು' ಎಂಬ ಪದವನ್ನೇ ಆಡುತ್ತಿರಲಿಲ್ಲ. 'ಹುಳ' ಎನ್ನುತ್ತಿದ್ದರು. ಯಾರಿಗಾದರೂ ಕಚ್ಚಿದರೆ 'ಹುಳ ಮುಟ್ಟಿದೆ' ಎಂದೇ ಹೇಳಬೇಕು. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಹೀಗೇ ಇದ್ದಿರಬೇಕು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಹಾಗೊಂದು ಸುದ್ದಿ ಬಂತು. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವರ ಮಗ, ನನಗಿಂತ ಒಂದು ವರ್ಷ ಚಿಕ್ಕವನು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ. ನಡುರಾತ್ರಿ ಎದ್ದು ಹೊಟ್ಟೆನೋವು ಎಂದನಂತೆ. ಅಜೀರ್ಣ ಎಂದುಕೊಂಡು ಜೀರಿಗೆ ಕಷಾಯ ಕೊಟ್ಟರು. ಸ್ವಲ್ಪ ಹೊತ್ತಿಗೆ ಕಣ್ಣುರೆಪ್ಪೆ ಎತ್ತಲಾಗದಾಯಿತು, ಮಾತು ತೊದಲಿತು. ಆಗ ಯಾರೋ ಚಾಪೆ ಎತ್ತಿ ನೋಡಿದರೆ ಗೋಡೆಯ ಬದಿಯಲ್ಲಿ ಕಪ್ಪು ಮೈಯ, ಬಿಳಿ ಪಟ್ಟೆಯ ಕಟ್ಟುಹಾವು. ಮಂತ್ರ ಹಾಕುವವರು ಪಕ್ಕದ ಊರಿನಲ್ಲಿ, ಆಸ್ಪತ್ರೆ 18 ಕಿಲೋಮೀಟರ್ ದೂರದಲ್ಲಿ. ಹತ್ತಿರದ ದಾರಿ ಹಿಡಿದರು. ಬೆಳಗಿನ ಬಸ್ಸು ಬರುವ ಹೊತ್ತಿಗೆ ಹುಡುಗ ಇರಲಿಲ್ಲ.

'ಅವನ ಹಣೆಬರಹ' ಎಂದರು ಊರವರು. ನಾನೂ ಹಾಗೆಯೇ ನಂಬಿದ್ದೆ. ಬಹಳ ವರ್ಷಗಳ ನಂತರ, ಹೊಟ್ಟೆಪಾಡಿಗೆ ಮುಂಬಯಿಗೆ ಬಂದು ಪರೇಲಿನ ಹಾಫ್‌ಕಿನ್ ಸಂಸ್ಥೆಯ ಗೇಟಿನ ಮುಂದೆ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಒಬ್ಬ ಸ್ನೇಹಿತರು ಹೇಳಿದರು: 'ಇಲ್ಲೇ ಸಾರ್, ಹಾವಿನ ಔಷಧಿ ಮಾಡ್ತಿದ್ದದ್ದು. ಸ್ವಾತಂತ್ರ್ಯಕ್ಕೂ ಮುಂಚಿನಿಂದ.' ಆ ಹುಡುಗ ಸಾಯುವ ಎಷ್ಟೋ ವರ್ಷ ಮೊದಲೇ ಮದ್ದು ಇತ್ತು! ಇದ್ದದ್ದು ಅವನನ್ನು ಮುಟ್ಟಲಿಲ್ಲ, ಅಷ್ಟೇ. ಅಂದಿನಿಂದ ಈ ಮದ್ದಿನ ಇತಿಹಾಸದ ಹಿಂದೆ ಬಿದ್ದೆ.

ತಲೆಗೆ ಇಷ್ಟು ದುಡ್ಡು

ಕಥೆ ತೆಲುಗು ಕರಾವಳಿಯಿಂದ ಶುರುವಾಗುತ್ತದೆ. ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ 18ನೇ ಶತಮಾನದ ಕೊನೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ವಿಶಾಖಪಟ್ಟಣದ ಕಡೆ ಗಿಡಮರ, ಪ್ರಾಣಿಗಳ ಅಧ್ಯಯನ ಮಾಡುತ್ತಿದ್ದರು. ಯಾವ ಹಾವಿಗೆ ವಿಷವಿದೆ, ಯಾವುದಕ್ಕೆ ಇಲ್ಲ ಎಂದು ಒಂದೊಂದನ್ನೇ ಪರೀಕ್ಷಿಸಿ, ಸ್ಥಳೀಯ ಹೆಸರುಗಳ ಸಮೇತ 1796ರಲ್ಲಿ ಪುಸ್ತಕ ತಂದರು. ನಾವು ಕೊಳಕುಮಂಡಲ ಎನ್ನುವ ಹಾವಿಗೆ ಇಂಗ್ಲಿಷಿನಲ್ಲಿ 'ರಸೆಲ್ಸ್ ವೈಪರ್' ಎಂಬ ಹೆಸರು ಬಂದದ್ದು ಅವರಿಂದಲೇ.

ಮುಂದಿನ ಹೆಜ್ಜೆ ಕಲ್ಕತ್ತೆಯದು. ಅಲ್ಲಿನ ವೈದ್ಯ ಜೋಸೆಫ್ ಫೇರರ್ ಬ್ರಿಟಿಷ್ ಇಂಡಿಯಾದ ಬಂಗಾಳ ಮುಂತಾದ ಪ್ರಾಂತಗಳಿಂದ ಲೆಕ್ಕ ತರಿಸಿದರು. 1869ರ ಒಂದೇ ವರ್ಷದಲ್ಲಿ 11,416 ಜನ ಹಾವು ಕಚ್ಚಿ ಸತ್ತಿದ್ದರು. 1872ರಲ್ಲಿ ಅವರು ಭಾರತದ ವಿಷಸರ್ಪಗಳ ದೊಡ್ಡ ಗ್ರಂಥ ಪ್ರಕಟಿಸಿದರು. ಅದರ ಬಣ್ಣದ ಚಿತ್ರಗಳನ್ನು ಬಿಡಿಸಿದವರು ಕಲ್ಕತ್ತೆಯ ಕಲಾಶಾಲೆಯ ಭಾರತೀಯ ವಿದ್ಯಾರ್ಥಿಗಳು. ಆಗ ಬಳಕೆಯಲ್ಲಿದ್ದ ಬೇರು, ಕಲ್ಲು, ರಾಸಾಯನಿಕಗಳನ್ನೆಲ್ಲ ಫೇರರ್ ಪರೀಕ್ಷಿಸಿ ನೋಡಿದರು. ನಂಬಬಹುದಾದ ಮದ್ದು ಒಂದೂ ಸಿಗಲಿಲ್ಲ.

ಮದ್ದಿಲ್ಲವೆಂದ ಮೇಲೆ ಸರ್ಕಾರಕ್ಕೆ ಕಂಡದ್ದು ದೊಣ್ಣೆಯೊಂದೇ. ಸತ್ತ ಹಾವು ತಂದುಕೊಟ್ಟವರಿಗೆ ಇನಾಮು! ವರ್ಷಕ್ಕೆ ಲಕ್ಷಗಟ್ಟಲೆ ಹಾವುಗಳು ಸತ್ತವು, ಮನುಷ್ಯರ ಸಾವು ಮಾತ್ರ ಇಳಿಯಲಿಲ್ಲ. ದೆಹಲಿಯಲ್ಲಿ ಜನ ಇನಾಮಿಗಾಗಿ ನಾಗರಹಾವುಗಳನ್ನು ಸಾಕಿದರು ಎಂಬ ಕಥೆಯನ್ನು ಅರ್ಥಶಾಸ್ತ್ರದ ಮೇಷ್ಟರುಗಳು ಇಂದಿಗೂ ಹೇಳುತ್ತಾರೆ. ಅದಕ್ಕೆ ಗಟ್ಟಿ ದಾಖಲೆ ಇಲ್ಲ, ಆದರೆ ಇನಾಮು ಕೊಟ್ಟದ್ದಂತೂ ನಿಜ, ಅದರಿಂದ ಜೀವ ಉಳಿಯದೇ ಹೋದದ್ದೂ ನಿಜ.

ಇಲಿಯಿಂದ ಹುಟ್ಟಿದ ಮನೆಯಲ್ಲಿ

ಮದ್ದಿನ ಮೊದಲ ಸುಳಿವು ಸಿಕ್ಕಿದ್ದು ವಿಯೆಟ್ನಾಮಿನಲ್ಲಿ. ಸೈಗಾನ್ ನಗರದ ಪ್ರಯೋಗಾಲಯದಲ್ಲಿದ್ದ ಫ್ರೆಂಚ್ ವೈದ್ಯ ಆಲ್ಬರ್ಟ್ ಕಾಲ್ಮೆಟ್, 1891ರ ನೆರೆಯಲ್ಲಿ ಹಳ್ಳಿಯೊಂದಕ್ಕೆ ನಾಗರಹಾವುಗಳು ನುಗ್ಗಿ ಜನರನ್ನು ಕಚ್ಚಿದ ಸುದ್ದಿ ಕೇಳಿ ಕೆಲಸ ಶುರುಮಾಡಿದರು. ಪ್ರಾಣಿಗೆ ತೀರ ಸಣ್ಣ ಪ್ರಮಾಣದಲ್ಲಿ ವಿಷ ಕೊಟ್ಟು, ಮೆಲ್ಲಮೆಲ್ಲಗೆ ಹೆಚ್ಚಿಸುತ್ತಾ ಹೋದರೆ ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ಶಕ್ತಿ ಬೆಳೆಯುತ್ತದೆ. ಆ ಶಕ್ತಿಯನ್ನು ರಕ್ತದಿಂದ ಬೇರ್ಪಡಿಸಿ ರೋಗಿಗೆ ಚುಚ್ಚಿದರೆ ಜೀವ ಉಳಿಯುತ್ತದೆ. ಇದಕ್ಕೆ ಕುದುರೆಯೇ ಸೂಕ್ತ ಪ್ರಾಣಿಯಾಯಿತು. ನೂರಕ್ಕೂ ಹೆಚ್ಚು ವರ್ಷ ಕಳೆದರೂ ಮೂಲ ವಿಧಾನ ಇದೇ.

ಈಗ ಮುಂಬಯಿಗೆ ಬನ್ನಿ. 1896ರಲ್ಲಿ ಆ ನಗರಕ್ಕೆ ಪ್ಲೇಗು ಬಡಿಯಿತು. ಅದಕ್ಕೆ ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. 1899ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾಯಿತು. 1925ರಲ್ಲಿ ಅದಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಪ್ಲೇಗು ಹಬ್ಬುವುದು ಇಲಿಯ ಚಿಗಟದಿಂದ, ಇಲಿ ತಿನ್ನುವುದು ಹಾವು. ಇಲಿಯ ಕಾಟದಿಂದ ಹುಟ್ಟಿದ ಮನೆಯಲ್ಲೇ ಹಾವಿನ ಮದ್ದೂ ತಯಾರಾದದ್ದು ಸೋಜಿಗವಲ್ಲವೇ?

ಒಂದು ಸೀರಮ್ ಎಲ್ಲ ಹಾವಿಗೂ ಆದೀತು ಎಂದು ಕಾಲ್ಮೆಟ್ ಎಣಿಸಿದ್ದರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಭಾರತದಲ್ಲಿ ಕೆಲಸ ಮಾಡಿದ ಜಾರ್ಜ್ ಲ್ಯಾಂಬ್ ಮುಂತಾದವರು ಅದು ತಪ್ಪೆಂದು ತೋರಿಸಿದರು. ನಾಗರಹಾವಿನ ಮದ್ದು ಕೊಳಕುಮಂಡಲದ ವಿಷಕ್ಕೆ ನಾಟುವುದಿಲ್ಲ. ನಾಗರ ಮತ್ತು ಕಟ್ಟುಹಾವಿನ ವಿಷ ನರಗಳನ್ನು ಹಿಡಿದು ಉಸಿರು ಕಟ್ಟಿಸುತ್ತದೆ. ಕೊಳಕುಮಂಡಲ, ಗರಗಸ ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಹಾಗಾಗಿ ಈ ನಾಲ್ಕರ ವಿಷವನ್ನೂ ಕೊಟ್ಟು ತಯಾರಿಸಿದ, ನಾಲ್ಕಕ್ಕೂ ಆಗುವ ಮದ್ದು ಬೇಕಾಯಿತು. 1940ರ ದಶಕದಲ್ಲಿ ಹಾಫ್‌ಕಿನ್ ಸಂಸ್ಥೆ ಅಂಥ ಮದ್ದಿನ ಕೆಲಸದಲ್ಲಿತ್ತು. ನೀರಿನಂಶ ತೆಗೆದು ಪುಡಿಯ ರೂಪಕ್ಕೆ ತಂದ ಮೇಲೆ ಅದನ್ನು ಫ್ರಿಜ್ ಇಲ್ಲದ ಹಳ್ಳಿಯ ಆಸ್ಪತ್ರೆಯಲ್ಲೂ ಇಡುವಂತಾಯಿತು.

ಚರ್ಮದಿಂದ ವಿಷಕ್ಕೆ

ಮದ್ದು ಮಾಡಲು ವಿಷ ಬೇಕು. ವಿಷ ಬೇಕೆಂದರೆ ಜೀವಂತ ಹಾವು ಬೇಕು. ಅದನ್ನು ಹಿಡಿಯುವವರು ಯಾರು?

ಚೆನ್ನೈಯ ಸುತ್ತಮುತ್ತ ಇರುಳರು ಎಂಬ ಬುಡಕಟ್ಟಿನವರಿದ್ದಾರೆ. ಮಣ್ಣಿನ ಮೇಲಿನ ಗೆರೆ, ಬಿಲದ ಬಾಯಿಯ ಒಂದು ಚೂರು ಪೊರೆ, ಇಷ್ಟು ಸಾಕು, ಒಳಗಿರುವ ಹಾವು ಯಾವುದೆಂದು ಹೇಳಿಬಿಡುತ್ತಾರೆ. 1970ರ ದಶಕದವರೆಗೆ ಅವರ ಈ ವಿದ್ಯೆ ಚರ್ಮದ ವ್ಯಾಪಾರಿಗಳ ಹೊಟ್ಟೆ ತುಂಬಿಸುತ್ತಿತ್ತು. ನಮ್ಮ ದೇಶದ ಹಾವುಗಳು ಹೊರದೇಶಗಳಲ್ಲಿ ಕೈಚೀಲ, ಪಾದರಕ್ಷೆ, ಬೆಲ್ಟುಗಳಾಗುತ್ತಿದ್ದವು.

1972ರಲ್ಲಿ ದೆಹಲಿಯ ಸಂಸತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆ ಮಾಡಿತು. ಕನ್ನಡದ ತೆರೆಯ ಮೇಲೆ 'ನಾಗರಹಾವು' ಬುಸುಗುಟ್ಟಿದ ವರ್ಷವೂ ಅದೇ! ಅದೇ ವರ್ಷ ಚೆನ್ನೈಯ ಗಿಂಡಿಯಲ್ಲಿ ರೊಮುಲಸ್ ವಿಟೇಕರ್ ಅವರ ಹಾವುಗಳ ಪಾರ್ಕು ನೆಲೆಗೊಂಡಿತು. ಕೆಲವು ವರ್ಷಗಳಲ್ಲಿ ಹಾವಿನ ಚರ್ಮದ ರಫ್ತೂ ನಿಂತಿತು. ಹಾವು ಉಳಿಯಿತು ಸರಿ, ಇರುಳರ ಅನ್ನ? ಉತ್ತರವಾಗಿ 1978ರಲ್ಲಿ ಇರುಳರದೇ ಸಹಕಾರ ಸಂಘ ಹುಟ್ಟಿತು. ಮಹಾಬಲಿಪುರದ ದಾರಿಯಲ್ಲಿ ವಡನೆಮ್ಮೇಲಿ ಎಂಬಲ್ಲಿರುವ ಮೊಸಳೆ ಪಾರ್ಕಿನೊಳಗೆ ಅದರ ಕೇಂದ್ರವಿದೆ. ಅರಣ್ಯ ಇಲಾಖೆ ಅನುಮತಿ ಕೊಟ್ಟಷ್ಟೇ ಹಾವು ಹಿಡಿಯುತ್ತಾರೆ. ಕೆಲವು ವಾರ ಮಡಕೆಯಲ್ಲಿಟ್ಟುಕೊಂಡು, ವಾರಕ್ಕೊಮ್ಮೆಯಂತೆ ವಿಷ ತೆಗೆದು, ಮತ್ತೆ ಅದೇ ಹಾವನ್ನು ಹಿಡಿಯದಂತೆ ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ದೇಶದಲ್ಲಿ ಮದ್ದು ತಯಾರಿಸುವವರಿಗೆ ವಿಷದ ಬಹುಪಾಲು ಹೋಗುತ್ತಾ ಬಂದಿರುವುದು ಇಲ್ಲಿಂದಲೇ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇದಕ್ಕೂ ಮೊದಲು, 2017ರಲ್ಲಿ, ಹೆಬ್ಬಾವು ಹಿಡಿಯುವುದು ಹೇಗೆಂದು ತೋರಿಸಲು ಅಮೆರಿಕದ ಫ್ಲಾರಿಡಾಕ್ಕೇ ಹೋಗಿಬಂದವರು ಅವರು.

ಪುಣೆಯ ಕೇಳುಗರು ಬೇಸರಿಸಬೇಡಿ, ನಿಮ್ಮ ಪಾಲೂ ಇದೆ. ನೀಲಿಮ್‌ಕುಮಾರ್ ಖೈರೆ 1980ರಲ್ಲಿ 72 ವಿಷದ ಹಾವುಗಳ ಜೊತೆ ಗಾಜಿನ ಕೋಣೆಯಲ್ಲಿ 72 ಗಂಟೆ ಕೂತು, ಕೆಣಕದ ಹಾವು ಕಚ್ಚುವುದಿಲ್ಲ ಎಂದು ತೋರಿಸಿದರು. 1986ರಲ್ಲಿ ಕಾತ್ರಜ್‌ನಲ್ಲಿ ಹಾವುಗಳ ಪಾರ್ಕು ಬಂತು. ನೀವು ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗವೇ ಅದು.

ಇನ್ನೂ ಮುಗಿಯದ ಲೆಕ್ಕ

ಇಷ್ಟೆಲ್ಲ ಆದ ಮೇಲೆ ಸಾವು ನಿಂತಿತೇ? ಇಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ 58,000. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಆದೇಶಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರ ಹೊತ್ತಿಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಯೋಜನೆ ಪ್ರಕಟಿಸಿತು.

ಮದ್ದಿನಲ್ಲೂ ಕೊರತೆಯಿದೆ. ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ವಿಷದ ಗುಣ ಬದಲಾಗುತ್ತದೆ. ತಮಿಳುನಾಡಿನ ಹಾವಿನ ವಿಷದಿಂದ ಮಾಡಿದ ಮದ್ದು ರಾಜಸ್ಥಾನದಲ್ಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ವಿಷಯದ ಮೇಲೆ ಕೆಲಸ ಮಾಡುತ್ತಿದ್ದಾರೆ. ನಮ್ಮ ಮಲೆನಾಡಿನ ಗುಳಿಮಂಡಲಗಳಿಗೂ ಆಗುಂಬೆಯ ಕಾಳಿಂಗ ಸರ್ಪಕ್ಕೂ ಈ ನಾಲ್ಕು ಹಾವಿನ ಮದ್ದು ತಕ್ಕುದಲ್ಲ. ಆದರೂ ಬಹುಪಾಲು ಸಾವಿಗೆ ಕಾರಣವಾಗುವ ನಾಲ್ಕು ಹಾವುಗಳಿಗೆ ನಮ್ಮ ಕೈಯಲ್ಲಿರುವ ಮದ್ದು ಇದೊಂದೇ. ಅದು ಇರುವುದು ಆಸ್ಪತ್ರೆಯಲ್ಲಿ, ಮಂತ್ರವಾದಿಯ ಚೀಲದಲ್ಲಲ್ಲ.

ಈ ಭಾನುವಾರ ಊರಿಗೆ ಫೋನ್ ಮಾಡಿ

ನಿಮ್ಮ ಕಟ್ಟಡಕ್ಕೆ ಹಾವು ಬಂದರೆ ದೂರ ನಿಂತು ಅದರ ಮೇಲೊಂದು ಕಣ್ಣಿಡಿ. ಅರಣ್ಯ ಇಲಾಖೆಗೋ ತರಬೇತಿ ಪಡೆದ ಹಾವು ಹಿಡಿಯುವವರಿಗೋ ಫೋನ್ ಮಾಡಿ. ಎಷ್ಟೋ ಜನಕ್ಕೆ ಕಚ್ಚುವುದು ಹಾವನ್ನು ಹೊಡೆಯಲು, ಹಿಡಿಯಲು ಹೋದಾಗಲೇ.

ಯಾರಿಗಾದರೂ ಕಚ್ಚಿದರೆ ಗಾಯ ಕೊಯ್ಯಬೇಡಿ, ರಕ್ತ ಹೀರಬೇಡಿ, ಹಗ್ಗದಿಂದ ಬಿಗಿಯಾಗಿ ಕಟ್ಟಬೇಡಿ. ಬಳೆ, ಉಂಗುರ, ಕಾಲುಂಗುರ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಪಟ್ಟಿಯಿಟ್ಟು ಕೈಯನ್ನೋ ಕಾಲನ್ನೋ ಅಲುಗಾಡದಂತೆ ಮಾಡಿ, ನಡೆಸದೆ ವಾಹನದಲ್ಲಿ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಲಕ್ಷಣ ನೋಡಿಯೇ ವೈದ್ಯರು ಮದ್ದು ಕೊಡಬಲ್ಲರು. ನೆಲದ ಮೇಲೆ ಮಲಗಿದವರು ರಾತ್ರಿ ಎದ್ದು ಹೊಟ್ಟೆನೋವು ಎಂದರೆ, ರೆಪ್ಪೆ ಜೋತುಬಿದ್ದರೆ, ಗಾಯ ಕಾಣದಿದ್ದರೂ ಕಟ್ಟುಹಾವಿನ ಅನುಮಾನವಿರಲಿ. ಅದರ ಕಡಿತ ನೋವೇ ಆಗದಷ್ಟು ಸಣ್ಣದು.

ಇನ್ನೊಂದು ಮಾತು. ನಾವು ನಗರದಲ್ಲಿದ್ದೇವೆ, ಆದರೆ ನಮ್ಮಲ್ಲಿ ಎಷ್ಟೋ ಜನರ ಅಪ್ಪ-ಅಮ್ಮ, ಅಣ್ಣ-ತಮ್ಮಂದಿರು ಊರಿನಲ್ಲೇ ಇದ್ದಾರೆ. ಈ ಭಾನುವಾರ ಫೋನ್ ಮಾಡಿದಾಗ 'ಊಟ ಆಯ್ತಾ, ಮಳೆ ಹೇಗಿದೆ' ಎಂದು ಕೇಳಿದ ಮೇಲೆ ಇದನ್ನೂ ಕೇಳಿ: 'ನಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ಇಂಜೆಕ್ಷನ್ ಇದೆ? ರಾತ್ರಿ ಹೊತ್ತು ಹೋಗಲು ಗಾಡಿ ಯಾರದು?' ಉತ್ತರ ಗೊತ್ತಿಲ್ಲವೆಂದರೆ ತಿಳಿದುಕೊಳ್ಳಲು ಹೇಳಿ, ಆ ಫೋನ್ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ಮಲಗಲು ಮಂಚವೋ ಸೊಳ್ಳೆಪರದೆಯೋ ಇಲ್ಲದಿದ್ದರೆ ಮುಂದಿನ ಸಲ ಊರಿಗೆ ಹೋಗುವಾಗ ಸೀರೆ-ಪಂಚೆಯ ಜೊತೆ ಒಂದು ಸೊಳ್ಳೆಪರದೆಯನ್ನೂ ಒಯ್ಯಿರಿ.

ನಮ್ಮೂರಿನ ಆ ಹುಡುಗನ ಮನೆಯಲ್ಲಿ ಇಂಥ ಒಂದು ನಂಬರು ಇರಲಿಲ್ಲ. ನಿಮ್ಮ ಮನೆಯಲ್ಲಿ ಇರಲಿ.