ಹೀಟ್ ಆದ ಎಂಜಿನ್‌ಗೆ ತಣ್ಣೀರು ಹಾಕಿದರೆ ಹೆಡ್ ಗ್ಯಾಸ್ಕೆಟ್ ಉಳಿಯುತ್ತದೆಯೇ?

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಮುದಗಲ್, ಲಿಂಗಸುಗೂರು ಕಡೆ ಕಾರು ಹೀಟ್ ಆದರೆ ತಕ್ಷಣ ರೇಡಿಯೇಟರ್ ಮುಚ್ಚಳ ತೆಗೆದು ತಣ್ಣೀರು ಹಾಕಿ ಎನ್ನುವವರಿದ್ದಾರೆ. ಈ ಸಲಹೆ ತಪ್ಪು, ಅಪಾಯಕಾರಿ ಕೂಡ.

ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವಿನ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಉರಿಯುವ ಅನಿಲ, ಆಯಿಲ್, ಕೂಲೆಂಟ್ ಒಂದಕ್ಕೊಂದು ಬೆರೆಯದಂತೆ ಅದು ತಡೆಯುತ್ತದೆ. ಎಂಜಿನ್ ಅತಿಯಾಗಿ ಕಾದರೆ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಸೋರಬಹುದು. ಕಾದ ಲೋಹಕ್ಕೆ ತಣ್ಣೀರು ತಾಗಿದರೆ ಬಿರುಕೂ ಬಿಡಬಹುದು. ಮುಚ್ಚಳ ತೆಗೆದರೆ ಒತ್ತಡದಲ್ಲಿರುವ ಬಿಸಿನೀರು ಚಿಮ್ಮಿ ಮುಖ, ಕೈ ಸುಡುತ್ತದೆ.

ಏನು ಮಾಡಬೇಕು? ಕಾರು ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಕನಿಷ್ಠ ಅರ್ಧ ಗಂಟೆ ಬಿಟ್ಟು, ಪೂರ್ತಿ ಆರಿದ ಮೇಲಷ್ಟೇ ಕೂಲೆಂಟ್ ನೋಡಿ.

ಹೊರಗೆ ಸೋರಿಕೆ ಕಾಣದೆಯೇ ಕೂಲೆಂಟ್ ಇಳಿಯುತ್ತಿದ್ದರೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಗ್ಯಾಸ್ಕೆಟ್ ಹೋಗಿರಬಹುದು. ಕಾರು ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಿ ಎಂಬುದೇ ನಮ್ಮ ಸಲಹೆ.