ಕಾರ್ಖಾನೆ ಗೇಟಿನ ಹತ್ತು ನಿಮಿಷ

ಸಿನಿಮಾದ ಚರಿತ್ರೆ ಶುರುವಾಗುವುದೇ ಕಾರ್ಖಾನೆಯ ಬಾಗಿಲಲ್ಲಿ. ಫ್ರಾನ್ಸಿನ ಲ್ಯೂಮಿಯೇರ್ ಸಹೋದರರು 1895ರಲ್ಲಿ ಲಿಯಾನ್ ನಗರದ ತಮ್ಮ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದನ್ನು ಚಿತ್ರಿಸಿದರು. ಒಂದು ನಿಮಿಷವೂ ಇಲ್ಲದ ಆ ಮೂಕಿ ಚಿತ್ರದಲ್ಲಿ ದೂರು-ದುಮ್ಮಾನಗಳಿಲ್ಲ. ಕ್ಯಾಮೆರಾ ಮಾಲೀಕರದ್ದಲ್ಲವೇ!

ಅದೇ ದೇಶದ ಇನ್ನೊಂದು ಗೇಟು ಬೇರೆಯೇ ಕಥೆ ಹೇಳುತ್ತದೆ. 1968ರ ಮೇ ತಿಂಗಳ ಮಹಾಮುಷ್ಕರ ಇಳಿಮುಖವಾಗಿತ್ತು. ಜೂನ್ 10ರಂದು ಪ್ಯಾರಿಸ್ ಅಂಚಿನ ‘ವಂಡರ್’ ಬ್ಯಾಟರಿ ಕಾರ್ಖಾನೆಯ ಮುಂದೆ ಸಿನಿಮಾ ಶಾಲೆಯ ವಿದ್ಯಾರ್ಥಿಗಳು ಕ್ಯಾಮೆರಾ ಹಿಡಿದು ನಿಂತಿದ್ದರು. ಮೂರು ವಾರಕ್ಕೂ ಮಿಕ್ಕಿದ ಮುಷ್ಕರ ಮುಗಿಸಿ ಎಲ್ಲರೂ ಒಳಗೆ ಹೋಗಬೇಕು. ಒಬ್ಬ ಯುವತಿ ಮಾತ್ರ ಒಲ್ಲೆನೆಂದು ಅಳುತ್ತಾಳೆ, ಕೂಗಾಡುತ್ತಾಳೆ. ಆ ಜೈಲಿಗೆ ಮತ್ತೆ ಕಾಲಿಡಲಾರೆ, ಮೈಕೈಯೆಲ್ಲ ಕಪ್ಪು ಮಾಡಿಕೊಳ್ಳುವ ಆ ಹೊಲಸು ಕೆಲಸ ಸಾಕು ಎನ್ನುತ್ತಾಳೆ. ಇದೂ ಗೆಲುವೇ, ಉಳಿದದ್ದನ್ನು ಮುಂದೆ ಪಡೆಯೋಣ ಎಂದು ಸಂಘದ ಮುಖಂಡರು ಸಮಾಧಾನ ಹೇಳುತ್ತಾರೆ. ಅಷ್ಟರಲ್ಲಿ ಉಳಿದವರು ಗೇಟು ದಾಟತೊಡಗುತ್ತಾರೆ. ಸುಮಾರು ಹತ್ತು ನಿಮಿಷದ ಚಿತ್ರ ಇಷ್ಟೇ. ಆದರೆ ಇತ್ಯರ್ಥ ಪತ್ರಗಳಲ್ಲಿ ಕಾಣದ ಸೋಲೊಂದು ಇಲ್ಲಿ ದಾಖಲಾಗಿದೆ.

ನಿರ್ದೇಶಕ ಎರ್ವೆ ಲ ರೂ ಆಕೆಯನ್ನು ಹುಡುಕಿಕೊಂಡು ಹೊರಟು, 1996ರಲ್ಲಿ ‘ರಪ್ರೀಜ್’ ಎಂಬ ಮೂರು ಗಂಟೆಗೂ ಹೆಚ್ಚಿನ ಸಾಕ್ಷ್ಯಚಿತ್ರವನ್ನೇ ಮಾಡಿದರು. ಅಂದಿನ ಕಾರ್ಮಿಕರು, ಸಂಘದವರು ಸಿಕ್ಕಿದರು, ಮಾತಾಡಿದರು. ಆಕೆ ಸಿಗಲಿಲ್ಲ.