‘ಟೀಸಿಂಗ್’ ಹೋಗಿ ‘ಕಿರುಕುಳ’ ಬಂದ ಕಥೆ



ಅಣ್ಣಾ ನಗರದ ಟವರ್ ಪಾರ್ಕ್ ಬಳಿಯೋ ಬಸ್ ಸ್ಟಾಪಿನಲ್ಲೋ ಯಾರೋ ಹಿಂದೆ ಬಿದ್ದಿದ್ದಾರೆ ಎಂದು ಮಗಳು ಮನೆಗೆ ಬಂದು ಹೇಳಿದರೆ, ಅವಳಿಗೆ ಸಿಗುವ ಮೊದಲ ಬುದ್ಧಿಮಾತು ಯಾವುದು? ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ, ಬಟ್ಟೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಬಟ್ಟೆಯೇ, ಸುಮ್ಮನಿರು! ಕಾನೂನೂ ಬಹುಕಾಲ ಹೆಚ್ಚುಕಡಿಮೆ ಸುಮ್ಮನೇ ಇತ್ತು. ಅದು ಬಾಯಿಬಿಟ್ಟ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಚೆನ್ನೈನಲ್ಲೇ.

1860ರ ದಂಡಸಂಹಿತೆಯಲ್ಲಿ ಇದಕ್ಕಿದ್ದದ್ದು ಮುಖ್ಯವಾಗಿ ಎರಡೇ ಕಲಮುಗಳು. ಮಾನಭಂಗದ ಉದ್ದೇಶದಿಂದ ಹೆಣ್ಣಿನ ಮೇಲೆ ಕೈಮಾಡಿದರೆ 354, ಗರಿಷ್ಠ 2 ವರ್ಷ. ಮಾತು, ಸನ್ನೆಯಿಂದ ಅವಮಾನಿಸಿದರೆ 509, ಗರಿಷ್ಠ 1 ವರ್ಷ. ದಿನವೂ ಹಿಂಬಾಲಿಸುವವನಿಗೆ ಅಲ್ಲಿ ಹೆಸರೇ ಇರಲಿಲ್ಲ. ಜನ ಅದನ್ನು ‘ಈವ್ ಟೀಸಿಂಗ್’ ಎಂದು ಕರೆದು ಹಗುರ ಮಾಡಿಬಿಟ್ಟರು.

1998ರ ಜುಲೈನಲ್ಲಿ ಎಗ್ಮೋರ್‌ನ ಎತಿರಾಜ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಆಟೋದಲ್ಲಿ ಬಂದ ಯುವಕರ ಗುಂಪಿನ ‘ತಮಾಷೆ’ಗೆ ಸಿಕ್ಕಿ ಬಿದ್ದು, ತಲೆಗೆ ಪೆಟ್ಟಾಗಿ ತೀರಿಕೊಂಡಳು. ಊರು ಕುದಿಯಿತು. ತಮಿಳುನಾಡು ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದೇ ವರ್ಷ ಈವ್ ಟೀಸಿಂಗ್ ನಿಷೇಧ ಕಾಯ್ದೆಯಾಯಿತು. ಶಿಕ್ಷೆ 1 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬಸ್ಸಿನಲ್ಲಿ ಹೆಣ್ಣುಮಗಳು ದೂರಿದರೆ ಡ್ರೈವರ್, ಕಂಡಕ್ಟರ್ ಬಸ್ಸನ್ನು ಹತ್ತಿರದ ಪೊಲೀಸ್ ಠಾಣೆಗೆ ಒಯ್ಯಬೇಕೆಂಬ ಹೊಣೆಯನ್ನೂ ಅದು ಹೊರಿಸಿತು.

2002ರಲ್ಲಿ ಕಾಯ್ದೆಯ ಹೆಸರೇ ಬದಲಾಯಿತು: ‘ಟೀಸಿಂಗ್’ ಹೋಗಿ ‘ಮಹಿಳೆಯರಿಗೆ ಕಿರುಕುಳ ನಿಷೇಧ’ ಬಂತು. ಒಂದು ಪದದಲ್ಲೇನಿದೆ ಎನ್ನಬೇಡಿ. ಕೀಟಲೆ ಎಂದರೆ ನಕ್ಕು ಬಿಡಬಹುದು. ಕಿರುಕುಳ ಎಂದರೆ ಮಾಡಿದವನು ಉತ್ತರ ಹೇಳಬೇಕು. ಜೈಲು 3 ವರ್ಷದವರೆಗೆ ಏರಿತು, ದಂಡ ಕನಿಷ್ಠ 10,000 ಆಯಿತು.

2012ರ ಡಿಸೆಂಬರಿನ ದೆಹಲಿ ಘಟನೆಯ ನಂತರ, ನ್ಯಾಯಮೂರ್ತಿ ವರ್ಮಾ ಸಮಿತಿ ವರದಿ ಕೊಟ್ಟ ಮೇಲೆ, 2013ರಲ್ಲಿ ಇಡೀ ದೇಶದ ಕಾನೂನಿಗೆ ಮೆಟ್ಟಿಲುಗಳು ಬಂದವು. 2024ರ ಜುಲೈ 1ರಿಂದ ಅವೇ ಮೆಟ್ಟಿಲುಗಳು ಭಾರತೀಯ ನ್ಯಾಯ ಸಂಹಿತೆಯಲ್ಲಿವೆ:

ಅಶ್ಲೀಲ ಮಾತು: 1 ವರ್ಷದವರೆಗೆ (ಕಲಂ 75).
ಬೇಡದ ಸ್ಪರ್ಶ, ಲೈಂಗಿಕ ಬೇಡಿಕೆ, ಅಶ್ಲೀಲ ಚಿತ್ರ ತೋರಿಸುವುದು: 3 ವರ್ಷದವರೆಗೆ (75).
ಬೇಡವೆಂದರೂ ಹಿಂಬಾಲಿಸುವುದು, ಇಂಟರ್‌ನೆಟ್ಟಿನಲ್ಲಿ ಬೆನ್ನುಬೀಳುವುದು: ಮೊದಲ ಸಲ 3, ಮರುಕಳಿಸಿದರೆ 5 ವರ್ಷದವರೆಗೆ (78).
ಮಾನಭಂಗಕ್ಕಾಗಿ ಬಲಪ್ರಯೋಗ: 1ರಿಂದ 5 ವರ್ಷ (74).
ಬಟ್ಟೆ ಕಳಚಲು ಬಲಪ್ರಯೋಗ: 3ರಿಂದ 7 ವರ್ಷ (76).

ಜೈಲಿನ ಜೊತೆಗೆ ದಂಡವೂ ಇರಬಹುದು. 2025ರ ಜನವರಿಯಲ್ಲಿ ತಮಿಳುನಾಡು ವಿಧಾನಸಭೆ ತನ್ನ ಕಾಯ್ದೆಯನ್ನು ಮತ್ತೆ ಬಿಗಿಗೊಳಿಸುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಮೊಬೈಲು, ಇಂಟರ್‌ನೆಟ್ ಮೂಲಕ ಕೊಡುವ ಕಿರುಕುಳವನ್ನೂ ಸೇರಿಸಿತು.

ಈ ಮೆಟ್ಟಿಲುಗಳ ಲೆಕ್ಕ ಯಾಕೆ ಬೇಕು ಅಂತೀರಾ? ಮೇಲಿನ ಮೆಟ್ಟಿಲು ತಲುಪುವವರೆಗೆ ನಾವು ಕಾಯಬೇಕಿಲ್ಲ ಎನ್ನುವುದಕ್ಕೆ. ‘ಅವನು ಮುಟ್ಟಿಲ್ಲವಲ್ಲ, ಬರೀ ಹಿಂದೆ ಬರ್ತಾನೆ ತಾನೇ’ ಎಂಬ ಮಾತಿಗೆ ಈಗ ಕಾನೂನಿನ ಬೆಂಬಲವಿಲ್ಲ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು; ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ತಮಿಳು ಸರಿಯಾಗಿ ಬಾರದು ಎಂದು ಹಿಂಜರಿಯಬೇಡಿ, ಗೊತ್ತಿರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಮಗಳು ಮನೆಗೆ ಬಂದು ಹೇಳಿದ ದಿನ, ಮೊದಲು ಅವಳ ಮಾತು ಪೂರ್ತಿ ಕೇಳಿಸಿಕೊಳ್ಳಿ. ಕೇಳುವುದು ನಮ್ಮ ಕೇಳುಗರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲವಲ್ಲ!